ಸೆಗಯಾದ ಸೈಲೆನ್ಸರ್ ಮಾಮ

ಅವರು ಮೂಲ್ಕಿಯಲ್ಲಿ ತೀರಿಕೊಂಡರೆಂಬ ಸುದ್ದಿ ಬಂದ ದಿನ ನಾನೂ ನಮ್ಮ ಯಜಮಾನರೂ ಊಟಕ್ಕೆ ಕೂತು ಬಹಳ ಹೊತ್ತು ಅವರ ದೊಡ್ಡ ಗಂಟಲಿನ ಬಗ್ಗೆಯೇ ಮಾತಾಡಿದೆವು. ಬಹರೈನಿನ ಗುದೈಬಿಯಾದಲ್ಲಿ ನಾವಿದ್ದ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಎದುರು ಬಾಗಿಲು ಅವರದು. ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯಲ್ಲಿ ಅವರು ಹಾಲು ಕೊಳ್ಳುತ್ತ ಮಲಯಾಳಿ ಅಂಗಡಿಯವನ ಜೊತೆ ಆಡುವ ಮಾತು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. "ಟೀಚರೇ, ಲಿಫ್ಟ್ ಇವತ್ತೂ ಹಾಳು ಮಾರಾಯ್ರೇ!" ಎಂದು ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದರು. ನಾನು ಮನೆಯಲ್ಲಿದ್ದೇನೋ ಇಲ್ಲವೋ ಎಂಬ ಯೋಚನೆ ಅವರಿಗಿರಲಿಲ್ಲ. ನಮ್ಮ ಮಗಳು ಅವರನ್ನು ಮಾಮ ಎಂದು ಕರೆಯಲು ಶುರುಮಾಡಿದಳು, ನಮಗೂ ಅದೇ ರೂಢಿಯಾಯಿತು.

ಹತ್ತಿರದ ಸೆಗಯಾ ಬಡಾವಣೆಯಲ್ಲಿ ಒಬ್ಬ ಬಹರೈನಿ ಯಜಮಾನರ ಬಿಡಿಭಾಗಗಳ ಅಂಗಡಿಯನ್ನು ಮಾಮ ನೋಡಿಕೊಳ್ಳುತ್ತಿದ್ದರು. ಸಣ್ಣ ಜನರೇಟರು, ಮೋಟರ್ ಸೈಕಲ್ಲು, ಮರಳಲ್ಲಿ ಓಡಿಸುವ ನಾಲ್ಕು ಗಾಲಿಯ ಬೈಕು, ಇವುಗಳ ಸಾಮಾನು ಅಲ್ಲಿ ಸಿಗುತ್ತಿತ್ತು. ಸಂಜೆ ಬಾಲ್ಕನಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತು ಚಹಾ ಕುಡಿಯುತ್ತ, ಈಗ ಹೋದ ಗಾಡಿ ಯಾವುದು, ಅದರ ಕಾಯಿಲೆ ಏನು ಎಂದು ಹೇಳುವುದು ಅವರಿಗೊಂದು ಆಟ. "ಈ ಟ್ಯಾಕ್ಸಿಯ ಸೈಲೆನ್ಸರಲ್ಲಿ ತೂತು ಬಿದ್ದಿದೆ. ಇನ್ನೊಂದು ತಿಂಗಳು ಬಂದ್ರೆ ದೊಡ್ಡದು" ಎನ್ನುತ್ತಿದ್ದರು. ಸರಿಯೋ ತಪ್ಪೋ ಪರೀಕ್ಷಿಸುವವರು ಯಾರು? ನಾವು ನಂಬುತ್ತಿದ್ದೆವು.

ನಾವು ದಾವಣಗೆರೆಯವರು, ಮೀನಿನ ವಾಸನೆಗೆ ಒಗ್ಗದವರು. ಮಾಮ ಮೀನು ಹುರಿಯುವ ಮುಂಚೆ ಬಂದು, "ಕಿಟಕಿ ಹಾಕ್ಕೊಳ್ಳಿ ಟೀಚರ್, ಅರ್ಧ ಗಂಟೆ ಅಷ್ಟೇ" ಎಂದು ಹೇಳಿ ಹೋಗುತ್ತಿದ್ದರು. ನೀರುದೋಸೆ ಮಾಡಿದ ಶುಕ್ರವಾರ ತಟ್ಟೆ ಹಿಡಿದುಕೊಂಡು ಬರುತ್ತಿದ್ದರು. "ಬೆಣ್ಣೆದೋಸೆಯವರಿಗೆ ಇದು ದೋಸೆ ಅಂತ ಕಾಣ್ಲಿಕ್ಕಿಲ್ಲ. ಕರ್ಚೀಫು ಅಂತ ತಿಳ್ಕೊಂಡು ತಿನ್ನಿ." ಮಕ್ಕಳಿರಲಿಲ್ಲ. ಹೆಂಡತಿ ಮೂಲ್ಕಿಯಲ್ಲಿದ್ದರು. ವರ್ಷಕ್ಕೊಮ್ಮೆ ಊರಿಗೆ ಹೋಗುವ ಮುನ್ನ ತಿಂಗಳ ಮೊದಲೇ ಅವರ ಹಾಲಿನಲ್ಲಿ ಸೂಟ್‌ಕೇಸು ಬಾಯಿ ತೆರೆದು ಕೂರುತ್ತಿತ್ತು. ಹೋಗಿ ಬಂದವರೆಲ್ಲ ಅದರೊಳಗೆ ಇಣುಕಿ ನೋಡುತ್ತಿದ್ದೆವು.

ನಮ್ಮ ಕಡೆ ಗಾಡಿಯ ಹೊಗೆ ಹೋಗುವ ಕೊಳವೆಗೆ ಸೈಲೆನ್ಸರ್ ಎಂಬ ಹೆಸರು ಬಿಟ್ಟು ಬೇರೆ ಹೆಸರಿಲ್ಲ. ಅದು ತಾಗಿ ಕಾಲಿನ ಮೀನಖಂಡ ಸುಟ್ಟುಕೊಳ್ಳದವರು ಕಡಿಮೆ. ಒಂದು ವರ್ಷ ಮಾಮ ಊರಿಗೆ ಹೊರಡುವ ಮುಂಚೆ ಕೊಯಮತ್ತೂರಿನಿಂದ ಸರಕು ತರಿಸಿದರು. ಕಳಿಸಿದವರು ಬಿಲ್ಲಿನಲ್ಲಿ "ಸೈಲೆನ್ಸರ್, ಸಣ್ಣದು" ಎಂದು ಬರೆದಿದ್ದರು. ಬಂದರಿನಲ್ಲಿ ಅರಬ್ಬಿ ಪ್ರತಿ ಬೇಕು. ಟೈಪಿಂಗ್ ಅಂಗಡಿಯವನು ನಿಘಂಟು ನೋಡಿ "ಕಾತಿಮ್ ಸೌತ್" ಎಂದು ಹೊಡೆದುಕೊಟ್ಟ. ಶಬ್ದ ಅಡಗಿಸುವುದು ಎಂದು ಅದರ ಅರ್ಥ. ತಪ್ಪೇನಿಲ್ಲ. ಆದರೆ ಅಲ್ಲಿಯ ಜನ ಆ ಮಾತು ಕೇಳಿದರೆ ಬಂದೂಕಿನ ಬಾಯಿಗೆ ಹಾಕುವ ಸೈಲೆನ್ಸರನ್ನೇ ನೆನೆಯುತ್ತಾರೆ. ಬಂದರಿನ ಅಧಿಕಾರಿಗಳು ಪೆಟ್ಟಿಗೆ ಒಡೆದರೆ ಒಳಗೆ ಮೊಳಕ್ಕಿಂತ ಗಿಡ್ಡ, ಕಪ್ಪು ಬಣ್ಣದ, ದುಂಡನೆಯ ಕೊಳವೆಗಳು. ಅಲ್ಲಿ ಎಲ್ಲರೂ ಎಲ್ಲವನ್ನೂ ಅನುಮಾನದಿಂದ ಎರಡೆರಡು ಸಲ ನೋಡುತ್ತಿದ್ದ ದಿನಗಳು ಬೇರೆ.

ಸರಕನ್ನು ತಡೆಹಿಡಿದ ಮೊದಲ ದಿನ ಮಾಮ ಅದನ್ನು ತಮಾಷೆಯಾಗಿಯೇ ಹೇಳಿದರು. "ನೋಡಿ ಸಾರ್, ನಾನೀಗ ಬಂದೂಕು ವ್ಯಾಪಾರಿ!" ಎಂದು ನಮ್ಮ ಯಜಮಾನರ ಭುಜ ತಟ್ಟಿದರು. ಮರುದಿನ ಬೆಳಿಗ್ಗೆ ವಿಚಾರಣೆಗೆ ಕರೆ ಬಂತು. ಹೋದವರು ಅದಕ್ಕೂ ಮರುದಿನ ಅದೇ ಅಂಗಿಯಲ್ಲಿ ಮರಳಿದರು. ಯಾರೂ ಕೈ ಮಾಡಲಿಲ್ಲ, ಕೆಟ್ಟ ಮಾತಾಡಲಿಲ್ಲ, ಊಟ ಕೊಟ್ಟರು ಎಂದರು. ಪಾಸ್‌ಪೋರ್ಟ್ ಮಾತ್ರ ಅಲ್ಲೇ ಉಳಿಯಿತು. ತಜ್ಞರ ವರದಿ ಬಂದು ವಿಚಾರಣೆ ಮುಗಿಯುವವರೆಗೆ ದೇಶ ಬಿಡುವಂತಿಲ್ಲ. ಅಂಗಡಿಯ ಯಜಮಾನರು ಜಾಮೀನು ನಿಂತರು. "ಎರಡು ವಾರದಲ್ಲಿ ಮುಗೀತದೆ" ಎಂದು ಮಾಮ ಹೇಳಿದರು. ಅದನ್ನು ಹೇಳಿದ ದನಿ ನನಗೆ ಹೊಸದು. ಎದುರಿಗೆ ನಿಂತಿದ್ದರೂ ನಾನು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾಯಿತು.

ಅಲ್ಲಿಂದ ಮುಂದೆ ಅವರು ಮೆಟ್ಟಿಲ ಬುಡದಿಂದ ಕೂಗಲಿಲ್ಲ. ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ಎರಡು ವಾರ ಕಳೆದು, ಎರಡು ತಿಂಗಳೂ ಕಳೆದ ಮೇಲೆ ಒಂದು ಸಂಜೆ ಬಂದು ನಮ್ಮ ಊಟದ ಮೇಜಿನ ಮುಂದೆ ಕೂತರು.

"ನಿಮ್ಮ ಪುಸ್ತಕದಲ್ಲಿ ಶಬ್ದದ ಪಾಠ ಉಂಟಲ್ಲ ಟೀಚರ್, ಅದನ್ನು ನನಗೆ ಮಾಡ್ಬೇಕು."

ನಾನು ಅಲ್ಲಿಯ ಶಾಲೆಯೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೆ. "ಈಗ ಯಾಕೆ ಮಾಮ?" ಎಂದೆ.

"ಇದು ಬಂದೂಕಿನದ್ದಲ್ಲ ಅಂತ ನಾನು ಹೇಳ್ತೇನೆ. ಹೇಗೆ ಅಲ್ಲ ಅಂತ ಅವರು ಕೇಳ್ತಾರೆ. ಬಂದೂಕಿನದ್ದು ಹೇಗಿರ್ತದೆ ಅಂತ ಗೊತ್ತಿದ್ರೆ ಅಲ್ವಾ ನಾನು ಹೇಳುದು? ಇಂಟರ್‌ನೆಟ್ಟಲ್ಲಿ ನೋಡ್ಲಿಕ್ಕೆ ವಕೀಲರು ಬಿಡುದಿಲ್ಲ. ಕೇಸ್ ಇರುವವ ಅದನ್ನೇ ಹುಡುಕಿದ ಅಂತ ಆದ್ರೆ ಕತೆ ಮುಗೀತು ಅಂದ್ರು. ಫೋನಲ್ಲಿ ಆ ಶಬ್ದವನ್ನೇ ಎತ್ಬೇಡ ಅಂದಿದ್ದಾರೆ."

ನಮ್ಮ ಯಜಮಾನರು ಅಸ್ಕರಿನ ಕಾರ್ಖಾನೆಯಿಂದ ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದರು. ತಲೆ ಎತ್ತದೆ, "ನೀನೂ ಹುಡುಕೋಕೆ ಹೋಗಬ್ಯಾಡ ನೋಡು" ಎಂದರು.

ಹೀಗೆ ಇಂಟರ್‌ನೆಟ್ ಇಲ್ಲದೆ, ಒಂಬತ್ತನೇ ತರಗತಿಯ ಪಠ್ಯಪುಸ್ತಕ ಮತ್ತು ನನ್ನ ಪ್ರೆಶರ್ ಕುಕ್ಕರ್ ಇಟ್ಟುಕೊಂಡು ಪಾಠ ಶುರುವಾಯಿತು. ಕುಕ್ಕರಿನ ವೆಯ್ಟನ್ನು ಒಮ್ಮೆಲೇ ಎತ್ತಿದರೆ ಉಗಿ ಬುಸ್ಸೆಂದು ನುಗ್ಗುತ್ತದೆ. ತಣಿಯಲು ಬಿಟ್ಟು ಎತ್ತಿದರೆ ಸದ್ದೇ ಇಲ್ಲ. ಬಂದೂಕಿನಲ್ಲಿಯೂ ಮದ್ದು ಉರಿದು ಬಿಸಿ ಗ್ಯಾಸು ಗುಂಡನ್ನು ತಳ್ಳಿಕೊಂಡು ಬರುತ್ತದೆ, ನಳಿಗೆಯ ಬಾಯಲ್ಲಿ ಒಮ್ಮೆಲೇ ಬಿಡುಗಡೆಯಾಗಿ ಢಂ ಎನ್ನುತ್ತದೆ. ಆ ಗ್ಯಾಸಿಗೆ ಹೊರಗೆ ಹೋಗುವ ಮುಂಚೆ ಹರಡಿಕೊಳ್ಳಲು, ತಣಿಯಲು ಒಂದಷ್ಟು ಕೋಣೆಗಳನ್ನು ಕೊಟ್ಟರೆ ಸದ್ದು ಇಳಿಯಬೇಕು. ಇಷ್ಟನ್ನು ನಾನೇ ಯೋಚಿಸಿ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆನೆಂದು ಒಳಗೇ ಹಿಗ್ಗಿದೆ ಕೂಡ.

ಮಾಮ ತಟ್ಟನೆ ಎದ್ದು ನಿಂತರು. "ಅಯ್ಯೋ ಟೀಚರ್, ಬೈಕಿನದ್ದೂ ಹಾಗೆಯೇ ಅಲ್ವಾ ಇರುದು? ಹಾಗಾದ್ರೆ ಎರಡೂ ಒಂದೇ ಅಂತ ಆಯ್ತಲ್ಲ!"

ನಾನು ಪುಸ್ತಕ ಮುಚ್ಚಿದೆ. ನನ್ನ ಪಾಠ ಅವರನ್ನು ಇನ್ನೂ ಒಳಗೆ ನೂಕಿತ್ತು.

ದಾರಿ ತೋರಿಸಿದವರು ಸುಬೇದಾರರು. ಕೊಡಗಿನವರು. ಸೈನ್ಯದಿಂದ ನಿವೃತ್ತರಾಗಿ ಅಲ್ಲಿ ಬಂಗಲೆಗಳ ಸಮುಚ್ಚಯವೊಂದಕ್ಕೆ ಕಾವಲಿನ ಕೆಲಸಕ್ಕೆ ಬಂದಿದ್ದರು. ಮಾಮನಿಗೆ ಹಳೆಯ ಪರಿಚಯ. ಒಂದು ಶುಕ್ರವಾರ ಮಾಮ ಅವರನ್ನು ನಮ್ಮ ಮನೆಗೇ ಕರೆತಂದರು. ತಮ್ಮ ಮನೆಯಲ್ಲಿ ಮಾತಾಡಲು ಅವರಿಗೆ ಭಯ.

"ಸಿನಿಮಾದಲ್ಲಿ 'ಪುಸಕ್' ಅಂತ ಬರುತ್ತಲ್ಲ, ಅದನ್ನ ಮೊದಲು ಮರೆತುಬಿಡಿ" ಎಂದು ಸುಬೇದಾರರು ಶುರುಮಾಡಿದರು. "ಹಾಕಿದ ಮೇಲೂ ಸದ್ದು ಇರುತ್ತೆ. ಕಿವಿ ಹರಿಯೋ ಸದ್ದು ಹೋಗಿ ಸುತ್ತಿಗೆ ಹೊಡೆದ ಹಾಗೆ ಆಗುತ್ತೆ, ಅಷ್ಟೆ."

"ಹಾಗಾದ್ರೆ ಗುಂಡು ನಿಧಾನ ಆಗ್ತದಾ?" ಮಾಮ ಕೇಳಿದರು.

"ಎಲ್ಲರೂ ಹಾಗೇ ತಿಳ್ಕೊಂಡಿರ್ತಾರೆ. ಆಗಲ್ಲ. ಗುಂಡು ಅದರ ಗೋಡೆಗೆ ತಾಗೋದೇ ಇಲ್ಲವಲ್ಲ? ಹಿಂದಿನ ಗ್ಯಾಸು ಇನ್ನೊಂದು ಗೇಣು ಜಾಸ್ತಿ ತಳ್ಳುತ್ತೆ, ಅದರಿಂದ ಕೂದಲೆಳೆಯಷ್ಟು ವೇಗ ಏರಿದ್ರೂ ಏರಬಹುದು. ಹಳೇ ಕಾಲದ ಕೆಲವದರಲ್ಲಿ ರಬ್ಬರು ಇಟ್ಟಿರ್ತಿದ್ರು. ಅದನ್ನ ಉಜ್ಜಿಕೊಂಡು ಹೋಗುವಾಗ ಗುಂಡಿಗೆ ತಡೆ ಆಗ್ತಿತ್ತು."

ಗುಂಡು ಶಬ್ದಕ್ಕಿಂತ ವೇಗವಾಗಿ ಹೋದರೆ ಏನಾಗುತ್ತದೆ ಎಂದು ನಾನು ನಡುವೆ ಬಾಯಿ ಹಾಕಿದೆ. ಚಾಟಿ ಬೀಸಿದಾಗ ಅದರ ತುದಿ ಶಬ್ದವನ್ನು ಮೀರಿ ಓಡುವುದರಿಂದಲೇ ಚಟೀರೆನ್ನುತ್ತದೆ ಎಂದು ಓದಿದ್ದೆ.

"ಅದೇ ಮೇಡಂ. ಗುಂಡೂ ಹಾಗೇ ಚಟೀರ್ ಅನ್ನುತ್ತೆ, ದಾರಿಯುದ್ದಕ್ಕೂ. ಕೊಳವೆ ಹಿಂದೆ ಉಳಿದುಹೋಯ್ತಲ್ಲ, ಅದು ಹೇಗೆ ತಡೆಯುತ್ತೆ? ಅದಕ್ಕೇ ನಿಧಾನ ಹೋಗೋ ಗುಂಡನ್ನೇ ಬೇರೆ ಮಾಡ್ತಾರೆ."

ಮಾಮ ಏನೋ ಲೆಕ್ಕ ಹಾಕುವವರಂತೆ ಕೂತಿದ್ದರು. "ಗೋಡೆಗೆ ತಾಗುದಿಲ್ಲ ಅಂದ್ರಲ್ಲ. ಹಾಗಾದ್ರೆ ಆಚೆಯಿಂದ ಈಚೆಗೆ ನೇರ ದಾರಿ ಇರ್ಬೇಕು."

"ಇರಲೇಬೇಕು. ಕೂದಲಷ್ಟು ಓರೆ ಆದ್ರೂ ಗುಂಡು ಒಳಗೇ ಬಡಿದು ಎಲ್ಲ ಸಿಡಿಯುತ್ತೆ."

ಮಾಮ ಎದ್ದು ಓಡಿದರು. ತಮ್ಮ ಮನೆಯಲ್ಲಿದ್ದ, ಅದೇ ಮಾಡೆಲಿನ ಹಳೆಯ ಜನರೇಟರ್ ಸೈಲೆನ್ಸರೊಂದನ್ನು ತಂದು ಒಂದು ತುದಿಗೆ ಕಣ್ಣಿಟ್ಟು ಟ್ಯೂಬ್‌ಲೈಟಿನ ಕಡೆ ಹಿಡಿದರು. "ಕತ್ತಲೆ! ಪೂರಾ ಕತ್ತಲೆ ಟೀಚರ್!" ಎಂದು ಕೂಗಿದರು. ಕಟ್ಟಡಕ್ಕೆಲ್ಲ ಕೇಳಿಸಿರಬೇಕು. ಹೊಗೆ ಒಂದು ಬದಿಯಿಂದ ಬಂದು ಒಳಗಿನ ತಗಡುಗಳಿಗೆ ಬಡಿದು ಸುತ್ತಿ ಇನ್ನೊಂದು ಮೂಲೆಯಿಂದ ಹೋಗುವಂತೆ ಅದನ್ನು ಮಾಡಿದ್ದರು. ಗುಂಡು ಅದರಲ್ಲಿ ಹೋಗುವಂತೆಯೇ ಇಲ್ಲ. ನಾನು ಚಪ್ಪಾಳೆ ತಟ್ಟಿದೆ.

ಆದರೆ ಅವರ ಕೈ ನಿಧಾನವಾಗಿ ಕೆಳಗಿಳಿಯಿತು. "ಆ ಪೆಟ್ಟಿಗೆಯಲ್ಲಿ ಇನ್ನೊಂದು ಮಾಡೆಲ್ ಉಂಟು. ಮರಳು ಬೈಕಿಂದು. ಅದಕ್ಕೆ ನೇರ ಪೈಪು. ಅದ್ರಲ್ಲಿ ಬೆಳಕು ಕಾಣ್ತದೆ."

ಅದರ ಬಾಯಿ ಎಷ್ಟು ಅಗಲ ಎಂದು ಸುಬೇದಾರರು ಕೇಳಿದರು. ಎರಡು ಬೆರಳು ಹೋಗುವಷ್ಟು. "ಗುಂಡು ಕಿರುಬೆರಳಿನಷ್ಟು ದಪ್ಪ. ಸುತ್ತ ಅಷ್ಟು ಜಾಗ ಇದ್ರೆ ಗ್ಯಾಸು ಗುಂಡಿನ ಜೊತೆಗೇ ಓಡಿಹೋಗುತ್ತೆ, ಸದ್ದು ಏನೂ ಇಳಿಯಲ್ಲ. ಆ ತಗಡೂ ತಡೆಯಲ್ಲ" ಎಂದರು. ಅದು ಸರಿಯೇ ಇತ್ತು. ಆದರೆ ಕತ್ತಲೆ ತೋರಿಸಿದಷ್ಟು ಸುಲಭವಾಗಿ ಇದನ್ನು ತೋರಿಸಲಾಗದು ಎಂದು ಮೂವರಿಗೂ ಗೊತ್ತಿತ್ತು.

ತಜ್ಞರ ಸರದಿ ಬರಲಿಲ್ಲ. ತಾರೀಖು ಮುಂದೆ ಹೋಗುತ್ತಲೇ ಇತ್ತು. ಮಾಮನ ವಾಸದ ಪರವಾನಗಿ ಮುಗಿಯಿತು, ನವೀಕರಣಕ್ಕೆ ಪಾಸ್‌ಪೋರ್ಟ್ ಇಲ್ಲ. ಊರಿಗೆ ಹೋಗಲು ಬಿಡರು, ಇರಲು ಕಾಗದವಿಲ್ಲ. ಅಂಗಡಿಗೂ ಮನೆಗೂ ನಡುವೆ ಮಾತ್ರ ಓಡಾಡಿದರು. ಅದೂ ಒಂದೇ ರಸ್ತೆಯಲ್ಲಿ. ವಿಮಾನಗಳು ನಮ್ಮ ತಾರಸಿಯ ಮೇಲೆಯೇ ಮುಹರ್ರಕ್ಕಿನ ವಿಮಾನ ನಿಲ್ದಾಣದ ಕಡೆ ಇಳಿಯುತ್ತಿದ್ದವು. ಬಾಲ್ಕನಿಯಲ್ಲಿ ಕೂರುವುದನ್ನು ಅವರು ಬಿಟ್ಟರು.

ಒಮ್ಮೆ ಬಲವಂತ ಮಾಡಿ ಕಾರಿನಲ್ಲಿ ತಿರುಗಾಡಲು ಕರೆದೊಯ್ದೆವು. ದಕ್ಷಿಣಕ್ಕೆ ಹೋದರೆ ನೀರು, ಪೂರ್ವಕ್ಕೆ ಬಂದರೆ ನೀರು. "ಎಷ್ಟು ಸಣ್ಣ ಊರು ಟೀಚರ್ ಇದು. ಇಷ್ಟು ವರ್ಷ ನನಗೆ ಗೊತ್ತೇ ಆಗ್ಲಿಲ್ಲ" ಎಂದರು. ಸೌದಿಗೆ ಹೋಗುವ ಸೇತುವೆಯ ದಾರಿಗೆ ಕಾರು ತಿರುಗಿದಾಗ ನಮ್ಮ ಯಜಮಾನರ ತೋಳು ಹಿಡಿದುಕೊಂಡರು. "ಬೇಡ ಸಾರ್. ಓಡಿ ಹೋಗ್ತಿದ್ದೇನೆ ಅಂತ ಯಾರಾದ್ರೂ ನೋಡಿಯಾರು. ತಿರುಗಿಸಿ." ತಿರುಗಿಸಿದೆವು.

ಹೆಂಡತಿಗೆ ಅವರು ದಿನಾ ಫೋನ್ ಮಾಡುತ್ತಿದ್ದರು. ಬಾಗಿಲು ತೆರೆದಿದ್ದರೆ ನಮಗೂ ಕೇಳುತ್ತಿತ್ತು. ತುಳುವಿನಲ್ಲಿ ಮಾತು. ನನಗೆ ಅರ್ಥವಾಗುತ್ತಿದ್ದುದು ಊಟ, ಮಳೆ, ರಜೆ ಎಂಬ ಪದಗಳಷ್ಟೇ. ಎರಡನೇ ವರ್ಷ ಆಕೆಗೆ ಮಂಗಳೂರಿನಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಆ ದಿನ ಮಾಮ ಬೆಳಿಗ್ಗೆಯೇ ಬಂದು ನಮ್ಮ ಹಾಲಿನ ಸೋಫಾದ ಅಂಚಿನಲ್ಲಿ ಕೂತರು. ನಾನು ಶಾಲೆಗೆ ರಜೆ ಹಾಕಿದೆ. ಅವರು ಚಹಾ ಮುಟ್ಟಲಿಲ್ಲ. ಮಧ್ಯಾಹ್ನ ಅವರ ಭಾವಮೈದನ ಫೋನ್ ಬಂತು, ಎಲ್ಲ ಸಲೀಸಾಯಿತೆಂದು. ಫೋನಿಟ್ಟವರು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. "ಅವಳ ಅಮ್ಮ ಕೇಳಿದ್ರಂತೆ ಟೀಚರ್, ಅಳಿಯನಿಗೆ ಹೆಂಡತಿಗಿಂತ ಕಂಪನಿ ದೊಡ್ಡದಾಯ್ತಾ ಅಂತ." ಅತ್ತೆಗೆ ವಿಷಯ ತಿಳಿದಿಲ್ಲ, ಹೆಂಡತಿಗೆ ತಿಳಿದಿರುತ್ತದೆ ಎಂದು ನಾನು ಅಂದುಕೊಂಡೆ. ಕೇಳಲಿಲ್ಲ.

ಕೊನೆಗೆ ತಜ್ಞರು ಕರೆದರು. ವಯಸ್ಸಾದ ಅಧಿಕಾರಿ, ಬಿಳಿ ಮೀಸೆಯವರು ಎಂದು ಮಾಮ ಬಂದು ಹೇಳಿದರು. ಮೇಜಿನ ಮೇಲೆ ಎರಡು ಮಾಡೆಲನ್ನೂ ಇಟ್ಟಿದ್ದರು. ಕತ್ತಲೆ ಕಾಣುವುದನ್ನು ಮೊದಲು ತೋರಿಸು, ಇನ್ನೊಂದರ ಬಗ್ಗೆ ಕೇಳಿದರೆ ಮಾತ್ರ ಹೇಳು ಎಂದು ವಕೀಲರು ತಾಕೀತು ಮಾಡಿದ್ದರು. ಅಧಿಕಾರಿ ಮೊದಲನೆಯದನ್ನು ಕಿಟಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಅವರು ಕೇಳುವ ಮೊದಲೇ ಮಾಮ ಎರಡನೆಯದನ್ನು ಎತ್ತಿ ಅವರ ಕೈಗೆ ಕೊಟ್ಟರು. "ಇದರಲ್ಲಿ ಬೆಳಕು ಕಾಣ್ತದೆ ಬಾಬಾ" ಎಂದು ತಮ್ಮ ಮುರುಕು ಅರಬ್ಬಿಯಲ್ಲಿ ಹೇಳಿ, ಗುಂಡು ಎಷ್ಟು ಸಣ್ಣ, ಪೈಪು ಎಷ್ಟು ದೊಡ್ಡ, ಗ್ಯಾಸು ಹೇಗೆ ಪಕ್ಕದಿಂದ ಓಡಿಹೋಗುತ್ತದೆ, ಓಡುವ ಗುಂಡು ಹೇಗೆ ತಾನೇ ಸದ್ದು ಮಾಡುತ್ತದೆ, ಎಲ್ಲ ಒಪ್ಪಿಸಿದರು.

"ಯಾಕೆ ನೀವೇ ಹೇಳೋಕೆ ಹೋದಿರಿ?" ನಮ್ಮ ಯಜಮಾನರು ಕೇಳಿದರು.

"ಅವರೇ ನೋಡಿ ಕೇಳಿದ್ರೆ ಮುಚ್ಚಿಟ್ಟ ಹಾಗೆ ಆಗ್ತದೆ ಸಾರ್. ಮುಚ್ಚಿಟ್ಟು ಮುಚ್ಚಿಟ್ಟು ನನಗೆ ಸಾಕಾಗಿದೆ."

ಅಧಿಕಾರಿ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರಂತೆ: ಬಿಡಿಭಾಗ ಮಾರುವ ನಿನಗೆ ಬಂದೂಕಿನ ವಿಷಯ ಇಷ್ಟು ಹೇಗೆ ಗೊತ್ತು? ಮಾಮ ನನ್ನ ಹೆಸರು ಹೇಳಿದರು. ಸುಬೇದಾರರ ಹೆಸರು ಹೇಳಲಿಲ್ಲ.

ನನ್ನನ್ನು ಕರೆದರು. "ಆ ಸುಬೇದಾರನ ಹೆಸರು ಹೇಳಬಹುದಿತ್ತಲ್ಲ" ಎಂದು ಹಿಂದಿನ ರಾತ್ರಿ ನಮ್ಮ ಯಜಮಾನರು ಗೊಣಗಿದರು. ನನಗೂ ಸಿಟ್ಟಿತ್ತು. ಆದರೆ ಕಾವಲಿನವನ ಕೆಲಸ ಒಂದೇ ಮಾತಿಗೆ ಹೋಗುತ್ತದೆ, ಶಾಲೆಯ ಟೀಚರಿಗೆ ಕುರ್ಚಿ ಕೊಟ್ಟು ಕೇಳುತ್ತಾರೆ ಎಂದು ಮಾಮ ಅಂದಾಜು ಮಾಡಿದ್ದರು. ಅಂದಾಜು ಸರಿಯಾಗಿತ್ತು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ಪಠ್ಯಪುಸ್ತಕ ತೆರೆದು ಶಬ್ದದ ಅಧ್ಯಾಯ ತೋರಿಸಿದೆ. ಕುಕ್ಕರಿನ ಕತೆ ಹೇಳುವಾಗ ನನ್ನ ಇಂಗ್ಲಿಷ್ ತೊದಲಿತು. ಬಿಳಿ ಮೀಸೆಯವರು ಪುಟ ತಿರುವಿ ನೋಡಿ, "ಚೆನ್ನಾಗಿ ಕಲಿಸಿದ್ದೀರಿ. ಒಂದು ತಪ್ಪೂ ಇಲ್ಲ" ಎಂದಷ್ಟೇ ಹೇಳಿ ಬಾಗಿಲವರೆಗೆ ಬಂದು ಕಳಿಸಿದರು. ಹೊರಗೆ ಬೆಂಚಿನ ಮೇಲೆ ಮಾಮ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಕೈ ಮುಗಿಯಲು ಹೋಗಿ ಅರ್ಧಕ್ಕೇ ಬಿಟ್ಟರು.

ಎರಡೂ ವಾಹನದ ಭಾಗಗಳೆಂದು ವರದಿ ಬಂತು. ಬಂದು ಅದು ಮೇಜಿಂದ ಮೇಜಿಗೆ ಹೋಗಲು ಮತ್ತಷ್ಟು ತಿಂಗಳು ಹಿಡಿಯಿತು. ಕಡೆಗೊಂದು ದಿನ ಪಾಸ್‌ಪೋರ್ಟ್ ಕೈಗೆ ಬಂತು. ನಾವು ಸಿಹಿ ಹಂಚಬೇಕೆಂದಿದ್ದೆವು. ಮಾಮ ಬೇಡವೆಂದರು. "ವಿಮಾನ ಏರಿದ ಮೇಲೆ ಹಂಚಿ." ಸಾಮಾನೆಲ್ಲ ಅವರಿವರಿಗೆ ಕೊಟ್ಟು ಒಂದು ಕೈಚೀಲ ಮಾತ್ರ ಹಿಡಿದು ಹೊರಟರು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವವನು ಕಂಪ್ಯೂಟರಿನ ಮೇಲೆ ಬಾಗಿ ಏನೋ ಓದುತ್ತ ಉಳಿದಾಗ, ಗಾಜಿನಾಚೆ ನಿಂತ ನಮಗೆ ಅವರ ಬೆನ್ನು ಕಾಣುತ್ತಿತ್ತು. ಮುದ್ರೆ ಬಿತ್ತು. ಅವರು ಹಿಂತಿರುಗಿ ನೋಡದೆ ಒಳಗೆ ನಡೆದರು.

ಮತ್ತೆ ಅವರು ಬಹರೈನಿಗೆ ಬರಲಿಲ್ಲ. ಮೂಲ್ಕಿಯಲ್ಲಿ ಪೇಟೆಯ ಹತ್ತಿರ ಸಣ್ಣ ಅಂಗಡಿ ಹಾಕಿದರು. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ನಾವೂ ದಾವಣಗೆರೆಗೆ ಮರಳಿದೆವು. ಮೂಲ್ಕಿಗೆ ಬನ್ನಿ ಎಂದು ಅವರು, ದಾವಣಗೆರೆಗೆ ಬನ್ನಿ ಎಂದು ನಾವು ಹೇಳಿಕೊಳ್ಳುತ್ತಲೇ ವರ್ಷಗಳು ಹೋದವು. ಹೃದಯಾಘಾತ ಅವರಿಗೆ ಅಂಗಡಿಯಲ್ಲೇ ಆಯಿತಂತೆ.

ಕಳೆದ ವಾರ ಅವರ ಹೆಂಡತಿಯ ಫೋನ್ ಬಂತು. ನಾನು ಆ ದನಿಯನ್ನು ಮೊದಲ ಸಲ ಕೇಳುತ್ತಿದ್ದೆ.

"ಇವರ ಫೋನಲ್ಲಿ 'ಗುದೈಬಿಯಾ ಟೀಚರ್' ಅಂತ ನಿಮ್ಮ ನಂಬರ್ ಉಂಟು. ಒಂದು ವಿಷಯ ಕೇಳ್ತೇನೆ, ನೀವು ಬೇಸರ ಮಾಡ್ಬಾರ್ದು. ಆ ಎರಡು ವರ್ಷ ಇವರು ಊರಿಗೆ ಬರ್ಲಿಲ್ಲ. ನನ್ನ ಆಪರೇಷನಿಗೂ ಬರ್ಲಿಲ್ಲ. ಅಲ್ಲಿ ಬೇರೆ ಯಾರಾದ್ರೂ ಇದ್ರಾ? ಇದ್ರೆ ಹೇಳಿಬಿಡಿ. ಈಗ ನಾನು ಯಾರ ಹತ್ತಿರವೂ ಜಗಳ ಮಾಡ್ಲಿಕ್ಕಿಲ್ಲ."

ನಾನು ಕುರ್ಚಿ ಎಳೆದುಕೊಂಡು ಕೂತೆ. "ಅವರು ನಿಮಗೆ ಹೇಳಲೇ ಇಲ್ವಾ?" ಎಂದೆ.

"ಎಂತ ಹೇಳುದು?"

ಹೇಳಿದೆ. ಕೊಯಮತ್ತೂರಿನ ಪೆಟ್ಟಿಗೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಪಾಸ್‌ಪೋರ್ಟ್ ಹೋದದ್ದು, ಫೋನಿನಲ್ಲಿ ಆ ಮಾತು ಎತ್ತಲು ಹೆದರಿದ್ದು, ಸೇತುವೆಯ ದಾರಿಯಲ್ಲಿ ಕಾರು ತಿರುಗಿಸಿದ್ದು, ಆಪರೇಷನ್ನಿನ ದಿನ ನಮ್ಮ ಸೋಫಾದ ಅಂಚಿನಲ್ಲಿ ಕೂತದ್ದು. ಆಕೆ ನಡುವೆ ಒಂದು ಸಲ ಮಾತ್ರ ಮಾತಾಡಿದರು.

"ಸೈಲೆನ್ಸರಾ? ನಮ್ಮ ಸ್ಕೂಟರಿಗೆ ಇರ್ತದಲ್ಲ, ಆ ಸೈಲೆನ್ಸರಾ?"

"ಹೌದಮ್ಮ, ಅದೇ."

ಫೋನ್ ಕಟ್ಟಾಯಿತೇನೋ ಎಂದು ನಾನು ಹಲೋ ಎಂದೆ.

"ಇದ್ದೇನೆ ಟೀಚರ್" ಎಂದರು. "ಊರಿಗೆ ಬಂದ ಹೊಸತರಲ್ಲಿ ಒಂದು ದಿನ ಹೇಳ್ಲಿಕ್ಕೆ ಹೊರಟಿದ್ರು. ನಿನ್ನ ಹತ್ತಿರ ಒಂದು ವಿಷಯ ಮಾತಾಡ್ಲಿಕ್ಕುಂಟು ಅಂತ ಎದುರಿಗೆ ಬಂದು ಕೂತ್ರು. ನಿಮ್ಮ ಅಲ್ಲಿಯ ಕತೆ ನನಗೆ ಬೇಡ ಅಂತ ನಾನೇ ಎದ್ದು ಹೋದೆ. ಮತ್ತೆ ಅವರು ಆ ಸುದ್ದಿ ತೆಗೀಲಿಲ್ಲ, ನಾನೂ ಕೇಳ್ಲಿಲ್ಲ. ಒಂದೇ ಮನೇಲಿ ಇದ್ವಿ ಟೀಚರ್, ಇಷ್ಟು ವರ್ಷ."